ಗುಂಡಿಗೆ ಅಡ್ಡ ಕೂತ ಹುಚ್ಚಕ್ಕ

ಹುಚ್ಚಕ್ಕನಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ನನ್ನಿವಾಳದಲ್ಲಿ ಅವಳ ಅಕ್ಕಪಕ್ಕದವರಿಗೆಲ್ಲ ಇದು ಗೊತ್ತು. ನಲ್ಲಿಯ ಹತ್ತಿರ ಅವಳು ಕೂಗಾಡಿದರೆ ಯಾರೂ ಲೆಕ್ಕಕ್ಕಿಡುವುದಿಲ್ಲ. ಮಾತು ಸಣ್ಣಗಾಗಿ, ಎದುರಿನವರು ಕಿವಿ ಕೊಟ್ಟು ಕೇಳುವ ಹಾಗಾದರೆ ಮಾತ್ರ ಕೊಡ ಎತ್ತಿಕೊಂಡು ಹೊರಟುಬಿಡುತ್ತಾರೆ. ಅವಳ ತಮ್ಮ ಪೆದ್ದಣ್ಣ ಸತ್ತ ಮೇಲೆ ಅವಳು ಗಟ್ಟಿಯಾಗಿ ಮಾತಾಡಿದ್ದನ್ನು ಕೇಳಿದವರು ಕಡಿಮೆ.

ಅವಳು ಹುಟ್ಟಿದ್ದು ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರದಲ್ಲಿ. ಮನೆಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಅಪ್ಪ ಬೇಗ ಹೋದ. ಅವ್ವ ಯರ್ರಮ್ಮ ಕುರಿ ಕಾಯುತ್ತಾ ಇಬ್ಬರು ಮಕ್ಕಳನ್ನು ಸಾಕಿದಳು. ಅವ್ವ ಕುರಿ ಹಿಂದೆ ಹೋದರೆ ಪೆದ್ದಣ್ಣನನ್ನು ಸೊಂಟದ ಮೇಲೆ ಹೊತ್ತು ತಿರುಗಿದ್ದು ಹುಚ್ಚಕ್ಕನೇ. ಆಮೇಲೆ ಅವಳನ್ನು ನನ್ನಿವಾಳದ ರಾಜಣ್ಣನಿಗೆ ಕೊಟ್ಟರು. ರಾಜಣ್ಣ ಚಳ್ಳಕೆರೆಯ ಶೇಂಗಾ ಮಂಡಿಯಲ್ಲಿ ಮೂಟೆ ಹೊರುವವನು, ಮಾತು ಕಡಿಮೆ. ತಮ್ಮ ಮೀಸೆ ಬರುವ ವಯಸ್ಸಿಗೆ ಬಂದಾಗ ಹುಚ್ಚಕ್ಕನೇ ಊರಿಗೆ ಹೋಗಿ, "ಕುರಿ ಬಾಲ ಹಿಡ್ಕೊಂಡು ಎಷ್ಟು ದಿನ ಅಲೀತೀಯಲೇ, ಬಾ ನನ್ಜೊತೆ" ಎಂದು ಕರೆತಂದಳು. ರಾಜಣ್ಣ ತನಗೆ ಗೊತ್ತಿದ್ದ ಒಂದು ಎಣ್ಣೆ ಮಿಲ್ಲಿನಲ್ಲಿ ಅವನನ್ನು ಸೇರಿಸಿದ.

ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳಿಗೇನೂ ಬರವಿಲ್ಲ. ಊರಿನ ಗಾಳಿಗೇ ಒಂದು ಹಿಂಡಿಯ ವಾಸನೆ ಇರುತ್ತದೆ. ಪೆದ್ದಣ್ಣ ಕೆಲಸ ಮಾಡುತ್ತಿದ್ದ ಮಿಲ್ಲಿನಲ್ಲಿ ಎಣ್ಣೆ ತೆಗೆಯುವುದಷ್ಟೇ ಅಲ್ಲ, ಅದನ್ನು ಶುದ್ಧ ಮಾಡುವ ಒಂದು ಘಟಕವೂ ಇತ್ತು. ಹಾಗೆ ಶುದ್ಧ ಮಾಡಿದಾಗ ಉಳಿಯುವ ಕೊಳೆನೀರು, ಸೋಪಿನಂಥ ಗಷ್ಟು, ಆಸಿಡ್ಡು ಎಲ್ಲವೂ ಹಿತ್ತಲಿನ ನೆಲದಡಿಯ ತೊಟ್ಟಿಗೆ ಹೋಗುತ್ತಿದ್ದವು. ಕೆಲಸಗಾರರು ಅದನ್ನು ಗುಂಡಿ ಅನ್ನುತ್ತಿದ್ದರು. ಮೇಲೆ ಕಾಂಕ್ರೀಟ್ ಮುಚ್ಚಳ, ಅದರ ನಡುವೆ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ. ತಳದಲ್ಲಿ ಕೆಸರು ಕಟ್ಟಿದಾಗ ಯಾರಾದರೂ ಇಳಿದು ಬಕೆಟ್ಟಿನಲ್ಲಿ ತುಂಬಿ ಮೇಲಕ್ಕೆ ಕಳಿಸಬೇಕು.

ಅವತ್ತು ಇಳಿದವನು ಪೆದ್ದಣ್ಣ. ಮೇಲೆ ಹಗ್ಗ ಹಿಡಿದಿದ್ದವನು ಅವನ ಗೆಳೆಯ ಗಂಗರಾಜು. ಹಗ್ಗ ಇದ್ದದ್ದು ಬಕೆಟ್ಟಿಗೆ. ಪೆದ್ದಣ್ಣನ ಸೊಂಟಕ್ಕೆ ಯಾರೂ ಏನೂ ಕಟ್ಟಿರಲಿಲ್ಲ.

ನಡೆದದ್ದನ್ನು ಗಂಗರಾಜು ಆಮೇಲೆ ಹುಚ್ಚಕ್ಕನ ಮುಂದೆ ಹೇಳಿದ. ಹಬ್ಬದ ರಜೆ ಮುಗಿದು ಮಿಲ್ಲು ಮತ್ತೆ ಶುರುವಾಗಿತ್ತು. ಮುಚ್ಚಳ ತೆಗೆದಾಗ ಕೊಳೆತ ಮೊಟ್ಟೆಯ ನಾತ ಮೂಗಿಗೆ ಬಡಿಯಿತು. ಇಬ್ಬರೂ ಟವೆಲ್ಲು ಮುಚ್ಚಿಕೊಂಡು ಹಿಂದೆ ಸರಿದರು. ಮ್ಯಾನೇಜರ್ ಓಂಕಾರಮೂರ್ತಿ ಬಂದು, "ಸ್ವಲ್ಪ ಗಾಳಿ ಆಡ್ಲಿ, ಆಮೇಲೆ ಇಳೀರಿ" ಅಂದು ಹೋದ. ಪೆದ್ದಣ್ಣ ಗುಂಡಿಯ ಬಾಯಿಗೆ ಬಗ್ಗಿ ಬಗ್ಗಿ ನೋಡುತ್ತಿದ್ದ. ಒಂದೆರಡು ಬೀಡಿ ಸೇದುವಷ್ಟು ಹೊತ್ತು ಕಳೆದಿರಬಹುದು. "ವಾಸ್ನೆ ಹೋಯ್ತು ಕಣಲೇ" ಅಂದ. ಏಣಿಗೆ ಕಾಲಿಟ್ಟ. ಅವನ ತಲೆ ಕೆಳಗೆ ಮರೆಯಾದ ಮೇಲೆ ಒಂದು ಮಾತೂ ಬರಲಿಲ್ಲ. ಬಿದ್ದ ಸದ್ದು ಮಾತ್ರ ಬಂತು.

"ನಾನೂ ಇಳೀತಿದ್ದೆ ಕಣಕ್ಕ" ಅಂದ ಗಂಗರಾಜು. "ಹಿಂದಿನಿಂದ ಯಾರೋ ಅಂಗಿ ಹಿಡ್ಕೊಂಡ್ರು. ಇಳಿದಿದ್ರೆ ಇಬ್ಬರೂ ಒಟ್ಟಿಗೆ ಮಲಗಿರ್ತಿದ್ವಿ."

ಹುಚ್ಚಕ್ಕ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮಿಲ್ಲಿನವರ ಮಾತು ಅಲ್ಲಿಗೆ ಮೊದಲೇ ತಲುಪಿತ್ತು. ಹಾರ್ಟು ನಿಂತಿದೆ, ಬೆಳಿಗ್ಗೆಯೇ ಕುಡಿದು ಬಂದಿದ್ದ, ಕಾಲು ಜಾರಿದೆ. ಮೂರು ಕಾರಣಗಳನ್ನೂ ಓಂಕಾರಮೂರ್ತಿ ಒಂದೇ ಉಸಿರಿಗೆ ಹೇಳಿದ. ಪೆದ್ದಣ್ಣ ಕುಡಿಯುತ್ತಿರಲಿಲ್ಲ. ಮದುವೆ ಮನೆಯಲ್ಲಿ ಗೆಳೆಯರು ಬಲವಂತ ಮಾಡಿದರೆ ಎದ್ದು ಹೋಗಿ ಬಸ್ ಸ್ಟ್ಯಾಂಡಿನಲ್ಲಿ ಕೂತಿರುತ್ತಿದ್ದವನು ಅವನು. ಹುಚ್ಚಕ್ಕ ಓಂಕಾರಮೂರ್ತಿಯ ಹತ್ತಿರ ಹೋಗಿ, "ಗುಂಡೀಲಿ ಏನಿತ್ತು?" ಎಂದು ಕೇಳಿದಳು.

"ಏನೂ ಇರ್ಲಿಲ್ಲಮ್ಮ. ವಾಸ್ನೆ ಹೋಗೈತೆ ಅಂತ ನಿನ್ನ ತಮ್ಮನೇ ಹೇಳಿ ಇಳಿದಿದ್ದು. ಬೇಕಾದ್ರೆ ಗಂಗರಾಜನ್ನೇ ಕೇಳು."

ಗಂಗರಾಜು ತಲೆ ತಗ್ಗಿಸಿ ನಿಂತಿದ್ದ. ಅವನು ಸುಳ್ಳು ಹೇಳುವ ಹಾಗಿರಲಿಲ್ಲ. ಪೆದ್ದಣ್ಣ ಆ ಮಾತು ಆಡಿದ್ದು ನಿಜ.

ಆ ಒಂದು ಮಾತು ಹುಚ್ಚಕ್ಕನ ಬಾಯಿ ಕಟ್ಟಿಹಾಕಿತು. ತಮ್ಮನೇ ವಾಸನೆ ಹೋಗಿದೆ ಅಂದಿದ್ದರೆ ಇವಳು ಯಾವ ಬಾಯಲ್ಲಿ ಗಾಳಿ ವಿಷ ಅನ್ನುವುದು? ಅವನ ಮೇಲೂ ಅವಳಿಗೆ ಸಿಟ್ಟು ಬಂತು. ಯಾಕೆ ಇಳಿದೆ, ಯಾಕೆ ಹಾಗಂದೆ ಎಂದು ಸತ್ತವನನ್ನು ಒಲೆ ಮುಂದೆ ಕೂತು ಬೈದಳು. ದೇವಸಮುದ್ರದಲ್ಲಿ ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಯರ್ರಮ್ಮನ ಮಗ ಕುಡಿದು ಗುಂಡಿಗೆ ಬಿದ್ದನಂತೆ.

ವರ್ಷವೊಂದು ಕಳೆದ ಮೇಲೆ ಹುಚ್ಚಕ್ಕನಿಗೆ ಗುತ್ತಿಗೆದಾರನೊಬ್ಬನ ಮೂಲಕ ಗುಡಿಸಿ ಒರೆಸುವ ಕೆಲಸ ಸಿಕ್ಕಿತು. ಚಳ್ಳಕೆರೆಯಿಂದ ಆಚೆ, ಬಯಲಿಗೆ ಬೇಲಿ ಹಾಕಿ ಕಟ್ಟಿದ ಒಂದು ಸಂಶೋಧನಾಲಯ ಅದು. ಒಳಗೆ ಹೋಗಲು ಕೊರಳಿಗೆ ಚೀಟಿ ಬೇಕು, ಚಪ್ಪಲಿ ಹೊರಗೆ ಬಿಡಬೇಕು. ಅವಳ ಪಾಲಿಗೆ ಬಂದದ್ದು ಒಂದು ಉದ್ದನೆಯ ಕೋಣೆ. ಅಲ್ಲಿ ಗಾಜಿನ ಪೆಟ್ಟಿಗೆಗಳು, ಸಣ್ಣ ಸಿಲಿಂಡರುಗಳು, ಯಾವಾಗಲೂ ಗುಂಯ್‌ಗುಡುವ ಯಂತ್ರಗಳು. ಆ ಕೋಣೆಯಲ್ಲಿ ಕೂತಿರುತ್ತಿದ್ದವಳು ರಶ್ಮಿತಾ, ತಳಕಿನ ಕಿರಾಣಿ ಅಂಗಡಿಯವರ ಮಗಳು. ಪಿಎಚ್‌ಡಿ ಮುಗಿಸುವ ಹಂತದಲ್ಲಿದ್ದಳು. ಮೊದಮೊದಲು ಹುಚ್ಚಕ್ಕನ ಜೊತೆ ಪುಸ್ತಕದ ಕನ್ನಡದಲ್ಲಿ ಮಾತಾಡುತ್ತಿದ್ದವಳು, ಒಂದು ದಿನ ಊಟದ ಡಬ್ಬಿ ಬಿಚ್ಚುವಾಗ "ನಿಮ್ಮನೇಲಿ ಏನ್ ಸಾರು?" ಎಂದು ಕೇಳಿದಳು. ಅಲ್ಲಿಂದ ಮುಂದೆ ಇಬ್ಬರದೂ ಒಂದೇ ಮಾತಾಯಿತು.

ಆ ಕೋಣೆಗೆ ಆಗಾಗ ದೊಡ್ಡವರು ಬರುತ್ತಿದ್ದರು. ಅವರು ಬಂದಾಗ ಮುಖ್ಯಸ್ಥರಾದ ಪ್ರೊಫೆಸರು ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಮಾತಾಡುತ್ತಿದ್ದರು. ರಶ್ಮಿತಾ ಒಂದು ಕೊಳವೆ ತಿರುಗಿಸುತ್ತಿದ್ದಳು. ಪೆಟ್ಟಿಗೆಯೊಳಗಿನ ಬೆರಳುಗುರಿನಷ್ಟು ದೊಡ್ಡ ಎಲೆಕ್ಟ್ರಾನಿಕ್ ಚಿಪ್ಪಿಗೆ ಗಾಳಿ ತಾಗಿದೊಡನೆ ಪರದೆಯ ಮೇಲಿನ ಗೆರೆ ಸರ್ರನೆ ಏರುತ್ತಿತ್ತು. ಬಂದವರು ತಲೆದೂಗಿ ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಹುಚ್ಚಕ್ಕ ಚಹಾದ ಲೋಟ ಎತ್ತುತ್ತಾ ಎಷ್ಟೋ ಸಲ ಆ ಗೆರೆ ಏರುವುದನ್ನು ನೋಡಿದ್ದಳು. ಅದೇನು ಎಂದು ಕೇಳಿರಲಿಲ್ಲ.

ಕೇಳಿದ್ದು ಒಂದು ಮಧ್ಯಾಹ್ನ. ಬೇರೆ ಯಾರೂ ಇರಲಿಲ್ಲ. ರಶ್ಮಿತಾ ಸಂತೋಷದಿಂದಲೇ ಹೇಳಲು ಕೂತಳು.

"ಈ ಚಿಪ್ಪಿನ ಮೇಲೆ ಚಿನ್ನದ ತಂತಿ ಅದಾವೆ ಹುಚ್ಚಕ್ಕ. ಕಣ್ಣಿಗೆ ಕಾಣಲ್ಲ. ತಲೆಕೂದಲನ್ನ ನೂರಾರು ಸಲ ಸೀಳಿದ್ರೆ ಎಷ್ಟು ಸಣ್ಣ ಆಗ್ತೈತೋ ಅಷ್ಟು."

"ಚಿನ್ನಾನಾ?"

"ಮೊದ್ಲು ಚಿನ್ನ ಬೆಳ್ಳಿ ಎರಡೂ ಕಲಸಿರ್ತೀವಿ. ಸಣ್ಣ ಸಣ್ಣ ತೂತಿರೋ ಒಂದು ಬಿಲ್ಲೆ ತಗೊಂಡು, ಆ ತೂತಿನೊಳಗೆ ಕರೆಂಟು ಹಾಯ್ಸಿ ಲೋಹ ತುಂಬಿಸ್ತೀವಿ. ಬಿಲ್ಲೆ ಕರಗಿಸಿದ್ರೆ ತಂತಿ ಉಳೀತೈತೆ. ಆಮೇಲೆ ತಂತೀನ ಆಸಿಡ್ಡಲ್ಲಿ ಇಟ್ರೆ ಬೆಳ್ಳಿ ಕರಗಿ ಹೋಗ್ತೈತೆ. ಚಿನ್ನ ಮಾತ್ರ ಉಳೀತೈತೆ. ಬೆಳ್ಳಿ ಇದ್ದ ಕಡೆಯೆಲ್ಲ ತೂತು."

"ತೂತು ಬಿದ್ರೆ ಕೆಟ್ಟಂಗಲ್ವಾ?"

"ತೂತೇ ಬೇಕಾಗಿರೋದು. ಗಟ್ಟಿ ತಂತಿಗೆ ಹೊರಮೈ ಒಂದೇ. ತೂತು ಬಿದ್ದ ತಂತಿಗೆ ಒಳಗೂ ಗೋಡೆ, ಜೇನುಹುಟ್ಟು ಇರ್ತೈತಲ್ಲ ಹಂಗೆ. ವಿಷದ ಗಾಳಿ ಬಂದ್ರೆ ಆ ಗೋಡೆಗೆಲ್ಲ ಅಂಟಿಕೊಳ್ತೈತೆ. ಆಗ ತಂತೀಲಿ ಹರಿಯೋ ಕರೆಂಟು ಬದಲಾಗ್ತೈತೆ. ಗಾಳಿ ಚೂರೇ ಚೂರು ಇದ್ರೂ ಗೊತ್ತಾಗ್ತೈತೆ."

"ಯಾವ ವಿಷ?"

"ಗಂಧಕದ್ದು. ಕೊಳೆತ ಮೊಟ್ಟೆ ನಾತ ಬರ್ತೈತಲ್ಲ, ಅದು. ಚರಂಡಿ, ಕೊಳೆತೊಟ್ಟಿ, ಅಂಥ ಕಡೆ ಇರೋದು."

ಹುಚ್ಚಕ್ಕ ಒರೆಸುವ ಬಟ್ಟೆ ಕೆಳಗಿಟ್ಟಳು. "ನಾತ ಬಂದ್ರೆ ಮೂಗಿಗೇ ಗೊತ್ತಾಗಲ್ವಾ? ಇದ್ಯಾಕೆ?"

"ಅದೇ ಮೋಸ ಹುಚ್ಚಕ್ಕ. ಕಡಿಮೆ ಇದ್ದಾಗ ನಾತ ಬರ್ತೈತೆ. ಜಾಸ್ತಿ ಆದ್ರೆ ಅದು ಮೂಗನ್ನೇ ಸಾಯಿಸ್ತೈತೆ. ವಾಸ್ನೆ ಹೋಯ್ತು ಅನ್ಕೊಂತಾರೆ. ಗಾಳಿ ಅಲ್ಲೇ ಇರ್ತೈತೆ. ಇಳಿದೋರು ಇಳಿದಂಗೇ..."

ರಶ್ಮಿತಾ ಮಾತು ನಿಲ್ಲಿಸಿದಳು. ಹುಚ್ಚಕ್ಕ ನೆಲದ ಮೇಲೆ ಕೂತುಬಿಟ್ಟಿದ್ದಳು. ಅಲ್ಲೇ ಕೂತು ತಮ್ಮನ ವಿಷಯವನ್ನೆಲ್ಲ ಹೇಳಿದಳು. ಒಂದು ಹನಿ ಕಣ್ಣೀರು ಬರಲಿಲ್ಲ. ಹೇಳಿ ಮುಗಿಸಿ, ರಶ್ಮಿತಾ ಮುಂದಕ್ಕೆ ಬಗ್ಗಿ ಕೇಳಿಸಿಕೊಳ್ಳಬೇಕಾದಷ್ಟು ಸಣ್ಣ ದನಿಯಲ್ಲಿ ಕೇಳಿದಳು. "ಇದು ಎಷ್ಟು ದಿನದಿಂದ ಇಲ್ಲೈತೆ?"

"ನಾನು ಸೇರೋಕೂ ಮುಂಚಿಂದ ಕೆಲಸ ನಡೀತಿದೆ."

"ಅವನು ಸಾಯೋಕಿಂತ ಮುಂಚೆ."

"ಹೂಂ."

"ಅವನು ಅಲ್ಲಿ ಮೂಗು ಹಿಡ್ಕೊಂಡು ಬಗ್ಗಿ ನೋಡ್ತಿದ್ದ. ನೀವು ಇಲ್ಲಿ ಇದನ್ನಿಟ್ಕೊಂಡು ಫೋಟೋ ತೆಗೆಸ್ಕೊಂತಿದ್ರಿ."

ರಶ್ಮಿತಾ ಸಮಜಾಯಿಷಿ ಹೇಳಿದಳು. ಇದಿನ್ನೂ ಲ್ಯಾಬಿನಲ್ಲಿ, ಒಣ ಗಾಳಿಯಲ್ಲಿ, ಶುದ್ಧ ಸಿಲಿಂಡರಿನ ಅನಿಲಕ್ಕೆ ಪರೀಕ್ಷೆಯಾದದ್ದು. ನಿಜವಾದ ಗುಂಡಿಯಲ್ಲಿ ತೇವ ಇರುತ್ತದೆ, ಬೇರೆ ಬೇರೆ ಅನಿಲಗಳು ಬೆರೆತಿರುತ್ತವೆ. ಅಂಗಡಿಯಲ್ಲಿ ಸಿಗುವ ಬೇರೆ ಜಾತಿಯ ಅಳೆಯುವ ಯಂತ್ರಗಳೂ ಇವೆ, ಮಿಲ್ಲಿನವರು ಅವನ್ನೇ ಕೊಳ್ಳಬಹುದಿತ್ತು. ಇದೆಲ್ಲ ನಿಜವೇ. ಆದರೆ ಹೇಳುತ್ತಾ ಹೇಳುತ್ತಾ ಅವಳ ಮುಖವೇ ಕೆಂಪಾಯಿತು. ಹುಚ್ಚಕ್ಕ ಎದ್ದು ಬಕೆಟ್ಟು ತೆಗೆದುಕೊಂಡು ಹೊರಗೆ ಹೋದಳು. ಅವತ್ತಿನಿಂದ ದೊಡ್ಡವರು ಬಂದಾಗ ಅವಳು ಚಹಾ ಕೊಡಲು ಒಳಗೆ ಬರುತ್ತಿರಲಿಲ್ಲ, ಲೋಟಗಳನ್ನು ಬಾಗಿಲ ಹತ್ತಿರವೇ ಕುಕ್ಕಿ ಹೋಗುತ್ತಿದ್ದಳು. ಪ್ರೊಫೆಸರು ಒಮ್ಮೆ ಕರೆದು ಕೇಳಿದರು. "ನಂಗೆ ಆ ಪೆಟ್ಟಿಗೆ ನೋಡಿದ್ರೆ ಆಗಲ್ರೀ" ಅಂದಳು. ಅವರಿಗೆ ಅರ್ಥವಾಗಲಿಲ್ಲ. ಅವರು ಮತ್ತೆ ಕೇಳಲೂ ಇಲ್ಲ.

ತಮ್ಮನ ಮೇಲಿದ್ದ ಸಿಟ್ಟು ಮಾತ್ರ ಅವತ್ತೇ ಹೋಯಿತು. ಅವನು ತಪ್ಪು ಹೇಳಿರಲಿಲ್ಲ. ಮೂಗು ಸತ್ತಿತ್ತು. ಅವನ ಮೇಲಿಂದ ಇಳಿದ ಸಿಟ್ಟೂ ಸೇರಿ ಓಂಕಾರಮೂರ್ತಿಯ ಕಡೆ ಹೊರಳಿತು. ಗಾಳಿ ಆಡಲಿ ಅಂದವನಿಗೆ ಗಾಳಿ ಇದೆ ಎಂದು ಗೊತ್ತಿತ್ತಲ್ಲವೇ?

ಮಾಗಿಯ ಒಂದು ಬೆಳಿಗ್ಗೆ ಚಳ್ಳಕೆರೆಯ ಬಸ್ಸಿನಲ್ಲಿ ಗಂಗರಾಜು ಸಿಕ್ಕಿದ. ಅವನು ಇನ್ನೂ ಅದೇ ಮಿಲ್ಲಿನಲ್ಲಿದ್ದ. ಕಿಟಕಿಯಾಚೆ ನೋಡುತ್ತಾ, "ಗುಂಡಿ ತುಂಬೈತೆ ಅಕ್ಕ. ಭಾನುವಾರ ತೆಗೀತಾರೆ" ಅಂದ.

"ಯಾರು ಇಳಿಯೋದು?"

ಅವನು ಟಿಕೆಟ್ಟನ್ನು ಬೆರಳಲ್ಲಿ ಮಡಚತೊಡಗಿದ.

"ನೀನಾ?"

"ಇಳಿಯಲ್ಲ ಅಂದ್ರೆ ಸೋಮವಾರದಿಂದ ಗೇಟೊಳಗೆ ಬಿಡಲ್ಲ. ಮನೇಲಿ ಗೀತಮ್ಮನಿಗೆ ಹೇಳಿಲ್ಲ ಇನ್ನೂ."

ಹುಚ್ಚಕ್ಕ ಲ್ಯಾಬಿಗೆ ಹೋದವಳೇ ರಶ್ಮಿತಾಳ ಮೇಜಿನ ಮುಂದೆ ನಿಂತಳು. ಪೆಟ್ಟಿಗೆ ತಗೊಂಡು ಬಾ ಅಂದಳು. ಬೇಡಿಕೊಳ್ಳಲಿಲ್ಲ. ರಶ್ಮಿತಾ ಪ್ರೊಫೆಸರ ಕೋಣೆಗೆ ಹೋಗಿ ಬಹಳ ಹೊತ್ತಿನ ಮೇಲೆ ಹೊರಗೆ ಬಂದಳು. ಹೊರಗೆ ಒಯ್ಯುವಂತಿಲ್ಲ, ಕಂಪನಿಯೊಂದರ ಜೊತೆ ಮಾತುಕತೆ ನಡೆಯುತ್ತಿದೆ, ಏನಾದರೂ ಹೆಚ್ಚುಕಡಿಮೆಯಾದರೆ ಸಂಸ್ಥೆಗೆ ಕೆಟ್ಟ ಹೆಸರು ಅಂದರಂತೆ ಅವರು.

"ಹೆಚ್ಚುಕಡಿಮೆ ಅಂದ್ರೆ ಗಂಗರಾಜು ಸಾಯೋದಾ, ಪೆಟ್ಟಿಗೆ ಕೆಡೋದಾ?" ಎಂದು ಹುಚ್ಚಕ್ಕ ಕೇಳಿದಳು.

ಭಾನುವಾರ ಪ್ರೊಫೆಸರಿಗೆ ಹೇಳದೆ ರಶ್ಮಿತಾ ಮಿಲ್ಲಿಗೆ ಬಂದಳು. ಸ್ಕೂಟರಿನ ಮುಂದೆ, ಕಾಲಿಡುವ ಜಾಗದಲ್ಲಿ, ಊಟದ ಕ್ಯಾರಿಯರಿನಷ್ಟು ಎತ್ತರದ ಒಂದು ಡಬ್ಬಿಯಿತ್ತು. ಲ್ಯಾಬಿನ ಗಾಜಿನ ಪೆಟ್ಟಿಗೆಯಲ್ಲ, ತಾನೇ ಜೋಡಿಸಿದ್ದು. ಒಳಗೆ ಅದೇ ಚಿಪ್ಪು, ಒಂದು ಬ್ಯಾಟರಿ, ಗುಂಡಿಯ ಮೇಲೆ ನಿಂತವರಿಗೆ ಅಂಕಿ ಕಾಣಿಸುವ ಹಾಗೆ ಉದ್ದನೆಯ ತಂತಿಯ ತುದಿಗೆ ಮೀಟರು. ಗೇಟಿನಲ್ಲಿ ಕಾವಲುಗಾರ ತಡೆದ. ಹುಚ್ಚಕ್ಕ ಅವನ ಮುಖ ನೋಡುತ್ತಾ ನಿಂತಳು. ಅವಳು ಯಾರೆಂದು ಅವನಿಗೆ ಗೊತ್ತಿತ್ತು. ಪಕ್ಕಕ್ಕೆ ಸರಿದ.

ಹಿತ್ತಲಿನಲ್ಲಿ ಮುಚ್ಚಳ ಆಗಲೇ ತೆಗೆದಿದ್ದರು. ಗಂಗರಾಜು, ಅವನ ಜೊತೆ ಜುಂಜಪ್ಪ ಎಂಬ ವಯಸ್ಸಾದ ಕೆಲಸಗಾರ, ಇನ್ನೂ ಮೂರ್ನಾಲ್ಕು ಜನ ಇದ್ದರು. ನಾತ ಜೋರಾಗಿತ್ತು. ಓಂಕಾರಮೂರ್ತಿ ಕುರ್ಚಿಯಿಂದ ಎದ್ದು ಬಂದ. ಇವರನ್ನು ನೋಡಿ ಅವನಿಗೆ ಬೆರಗಾಯಿತು. ಆದರೆ ಓದಿದ ಹುಡುಗಿಯ ಮುಂದೆ ಬಾಯಿ ಮಾಡುವುದು ಬೇಡವೆಂದೋ ಏನೋ, "ನೋಡ್ರಿ ಮೇಡಂ, ನಮ್ಮದೇನು ಅಭ್ಯಂತರ ಇಲ್ಲ. ಅಳೀರಿ" ಅಂದ.

ಡಬ್ಬಿಗೆ ಹಗ್ಗ ಕಟ್ಟಿ ಇಳಿಸಿದರು. ಮೀಟರಿನ ಅಂಕಿ ಏರಿತು, ಏರುತ್ತಲೇ ಹೋಯಿತು, ಕೊನೆಗೆ ಡಬ್ಬಿ ಕೀರಲು ದನಿಯಲ್ಲಿ ಕೂಗತೊಡಗಿತು. ರಶ್ಮಿತಾ ಮೀಟರಿನಿಂದ ತಲೆ ಎತ್ತಿದಳು. "ಈಗ ಇಳಿದ್ರೆ ಸಾಯ್ತಾರೆ" ಎಂದು ನೇರವಾಗಿ ಹೇಳಿದಳು.

"ಆಯ್ತು ಬಿಡ್ರಿ, ಗಾಳಿ ಹೊಡೆಸೋಣ" ಎಂದು ಓಂಕಾರಮೂರ್ತಿ ಒಂದು ಫ್ಯಾನು ತರಿಸಿ ಗುಂಡಿಯ ಬಾಯಿಗೆ ತಿರುಗಿಸಿದ. ಬಿಸಿಲು ಏರಿತು. ನಾತ ಕಡಿಮೆಯಾದಂತಾಯಿತು. ಡಬ್ಬಿಯನ್ನು ಮತ್ತೆ ಇಳಿಸಿದರು. ಅಂಕಿ ಅಷ್ಟೇ ಇತ್ತು. ಮೇಲೆ ತೆಗೆದರು. ಮೇಲೆ ಬಂದ ಮೇಲೂ, ಬಯಲಿನ ಗಾಳಿಯಲ್ಲೂ, ಅಂಕಿ ಅಷ್ಟೇ ಇತ್ತು. ಡಬ್ಬಿ ಕೂಗುತ್ತಲೇ ಇತ್ತು.

ಓಂಕಾರಮೂರ್ತಿ ಡಬ್ಬಿಯನ್ನು ನೋಡಿದ, ರಶ್ಮಿತಾಳನ್ನು ನೋಡಿದ. ನಕ್ಕ. "ಇಲ್ಲಿ ಮೇಲೂ ವಿಷ ಐತೇನ್ರಿ ಮೇಡಂ? ನಾವೆಲ್ಲ ಸತ್ತಿದೀವಾ? ನಿಮ್ಮ ಮಿಷನ್ನು ಕೆಟ್ಟೈತೆ. ಏಯ್ ಗಂಗರಾಜ, ಇಳಿಯಪ್ಪ."

ರಶ್ಮಿತಾ ಡಬ್ಬಿಯ ಬ್ಯಾಟರಿ ಕಳಚಿ ಕೂಗು ನಿಲ್ಲಿಸಿದಳು. ಅವಳು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಕೆಟ್ಟಿಲ್ಲ. ಅಷ್ಟೊಂದು ಅನಿಲ ಒಂದೇ ಸಲ ತಗುಲಿದ್ದಕ್ಕೆ ಗಂಧಕ ಚಿನ್ನಕ್ಕೆ ಕಚ್ಕೊಂಡೈತೆ, ಬಿಡ್ತಿಲ್ಲ. ಅದು ಬಿಡೋವರೆಗೆ ಒಳಗೆ ಈಗ ಎಷ್ಟೈತೆ ಅಂತ ಹೇಳಕ್ಕಾಗಲ್ಲ. ನಂಗೆ ಗೊತ್ತಿಲ್ಲ."

"ನೋಡಿದ್ರಾ? ಅವರಿಗೇ ಗೊತ್ತಿಲ್ಲ" ಎಂದು ಓಂಕಾರಮೂರ್ತಿ ಎಲ್ಲರ ಕಡೆ ತಿರುಗಿದ.

ಗಂಗರಾಜು ಏಣಿಯತ್ತ ಹೆಜ್ಜೆ ಹಾಕಿದ. ಅಷ್ಟರಲ್ಲಿ ಹುಚ್ಚಕ್ಕ ಹೋಗಿ ಗುಂಡಿಯ ಬಾಯಲ್ಲಿ ಏಣಿಯ ತುದಿಗೆ ಅಡ್ಡವಾಗಿ ಕಾಂಕ್ರೀಟಿನ ಮೇಲೆ ಕೂತಳು. ಸೆರಗನ್ನು ಮೂಗಿಗೆ ಒತ್ತಿ ಹಿಡಿದಿದ್ದಳು. ಜುಂಜಪ್ಪ ಹೆದರಿ, "ಅಲ್ಲಿ ಕೂರಬ್ಯಾಡ ಕಣವ್ವ, ತಲೆ ತಿರುಗಿ ಬೀಳ್ತೀಯಾ" ಅಂದ.

"ಗೊತ್ತಿಲ್ಲ ಅಂದ್ರೆ ಇಳೀಬಾರ್ದು ಅಂತ ಅರ್ಥ" ಎಂದಳು ಹುಚ್ಚಕ್ಕ. ಓಂಕಾರಮೂರ್ತಿಗೆ ಕೇಳಿಸಲಿಲ್ಲ. ಹತ್ತಿರ ಬಂದ. "ಏನಂದೆ?"

"ಗಾಳಿ ಹೋಗೈತೆ ಅಂತ ನಿಂಗೆ ಗೊತ್ತಿದ್ರೆ ನೀನು ಇಳಿ. ನಾನು ಎದ್ದು ಜಾಗ ಬಿಡ್ತೀನಿ. ಇಳಿದು ತಳ ಮುಟ್ಟಿ ಬಾ. ಆಮೇಲೆ ಇವರು ಇಳೀತಾರೆ."

"ನನ್ನ ಕೆಲಸ ಅದಲ್ಲ."

"ಸಾಯೋದು ಇವರ ಕೆಲಸಾನಾ?"

"ಏಯ್, ನಾಲಿಗೆ ಬಿಗಿಹಿಡಿದು ಮಾತಾಡು. ಪೊಲೀಸ್ನೋರನ್ನ ಕರೀತೀನಿ."

"ಕರಿ. ನನ್ನ ತಮ್ಮ ಸತ್ತಾಗ ಯಾಕೆ ಕರೀಲಿಲ್ಲ ಅಂತ ಅವರ ಮುಂದೇನೇ ಕೇಳ್ತೀನಿ."

ಅವನು ಫೋನು ತೆಗೆದ. ಮಾಡಲಿಲ್ಲ. ಗಂಗರಾಜು ಇಬ್ಬರನ್ನೂ ನೋಡಿ, ಕೈಯಲ್ಲಿದ್ದ ಹಗ್ಗವನ್ನು ಸುತ್ತಿ ನೆಲಕ್ಕಿಟ್ಟ. "ನಾನು ಇಳಿಯಲ್ಲ ಸಾರ್" ಅಂದ. ಜುಂಜಪ್ಪ ತಾನೂ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತ. ಉಳಿದವರು ಬೇಲಿಯ ನೆರಳಿಗೆ ಹೋದರು. ಅವತ್ತು ಯಾರೂ ಇಳಿಯಲಿಲ್ಲ. ಮುಚ್ಚಳ ಮುಚ್ಚುವವರೆಗೂ ಹುಚ್ಚಕ್ಕ ಏಳಲಿಲ್ಲ. ಎದ್ದಾಗ ತಲೆ ಸುತ್ತಿ ಬಂತು. ರಶ್ಮಿತಾ ತೋಳು ಹಿಡಿದು ಆಚೆ ಕರೆದೊಯ್ದು ಕೂರಿಸಿದಳು.

ಮರುದಿನ ಮಧ್ಯಾಹ್ನ ಮಿಲ್ಲಿನವರು ಚಿತ್ರದುರ್ಗದಿಂದ ಕೊಳೆ ಹೀರುವ ಲಾರಿ ತರಿಸಿದರು. ಹುಚ್ಚಕ್ಕ ಕೆಲಸಕ್ಕೆ ಹೋಗದೆ ಗೇಟಿನ ಹೊರಗೆ ನಿಂತಿದ್ದಳು. ದಪ್ಪನೆಯ ಪೈಪನ್ನು ಗುಂಡಿಗೆ ಬಿಟ್ಟು, ಇಂಜಿನ್ನು ಚಾಲೂ ಮಾಡಿ, ಚಾಲಕ ಬೇವಿನ ಮರದ ಕೆಳಗೆ ಕೂತು ಮಂಡಕ್ಕಿ ತಿಂದ. ಸಂಜೆಯ ಬಿಸಿಲು ಇಳಿಯುವ ಮುಂಚೆ ಗುಂಡಿ ಖಾಲಿಯಾಗಿತ್ತು. ಒಬ್ಬನ ಕಾಲಿಗೂ ಕೆಸರಾಗಲಿಲ್ಲ. ಲಾರಿ ಹೊರಗೆ ಬಂದಾಗ ಹುಚ್ಚಕ್ಕ ಅಡ್ಡ ನಿಂತು ಚಾಲಕನನ್ನು ಕೇಳಿದಳು.

"ಈ ಗಾಡಿ ಹೊಸದಾ?"

"ಎಲ್ಲಿ ಹೊಸದಮ್ಮ. ಎಷ್ಟು ವರ್ಷದಿಂದ ಈ ರಸ್ತೇಲೇ ಓಡಾಡ್ತಿದೀನಿ. ಪಕ್ಕದ ಮಿಲ್ಲಿಗೆ ಪ್ರತಿ ಸಲ ನಾನೇ ಬರೋದು."

ಅವಳು ಲಾರಿಯ ಬಾಗಿಲಿಗೆ ಅಂಗೈಯಿಂದ ಹೊಡೆದಳು. ಒಂದು ಸಲ, ಮತ್ತೊಂದು ಸಲ. ಚಾಲಕನಿಗೆ ಏನೂ ಅರ್ಥವಾಗಲಿಲ್ಲ. ಚಿನ್ನದ ತಂತಿ ಬೇಕಿರಲಿಲ್ಲ, ಡಬ್ಬಿ ಬೇಕಿರಲಿಲ್ಲ, ಒಂದು ಫೋನು ಮಾಡಿದ್ದರೆ ಸಾಕಿತ್ತು. ಪೆದ್ದಣ್ಣನನ್ನು ಇಳಿಸಿದ್ದು ಗೊತ್ತಿಲ್ಲದ್ದಕ್ಕಲ್ಲ. ಲಾರಿಗಿಂತ ಅವನು ಅಗ್ಗ ಎಂದು ಇಳಿಸಿದ್ದು. ರಾತ್ರಿ ಉಣ್ಣುವಾಗ ಇಷ್ಟನ್ನೂ ಅವಳು ರಾಜಣ್ಣನಿಗೆ ಹೇಳಿದಳು. ರಾಜಣ್ಣ ತಟ್ಟೆ ಪಕ್ಕಕ್ಕೆ ಸರಿಸಿ ಎದ್ದು ಹೋದ. ಪೆದ್ದಣ್ಣನನ್ನು ಆ ಮಿಲ್ಲಿಗೆ ಸೇರಿಸಿದ್ದು ತಾನೇ ಎನ್ನುವುದು ಅವನೊಳಗೆ ಯಾವತ್ತೂ ಕೊರೆಯುತ್ತಿತ್ತು.

ಆಮೇಲಿನದು ಬೇಗ ಬೇಗ ಆಯಿತು. ಗುತ್ತಿಗೆದಾರ ಹುಚ್ಚಕ್ಕನ ಕೊರಳ ಚೀಟಿ ವಾಪಸು ಕೇಳಿದ. ರಶ್ಮಿತಾಳನ್ನು ಪ್ರೊಫೆಸರು ಕರೆದು ಛೀಮಾರಿ ಹಾಕಿದರು. ಗಂಗರಾಜನನ್ನು ಮಿಲ್ಲಿನವರು ಕೆಲಸ ಇಲ್ಲ ಎಂದು ಕಳಿಸಿದರು. ಅವನ ಹೆಂಡತಿ ಗೀತಮ್ಮ ನನ್ನಿವಾಳದವರೆಗೆ ಬಂದು ಹುಚ್ಚಕ್ಕನ ಬಾಗಿಲಲ್ಲಿ ನಿಂತು ಬೈದಳು. "ನಿನ್ನ ತಮ್ಮ ಹೋದ ಅಂತ ನನ್ನ ಮನೆ ಒಲೇನೂ ಆರಿಸ್ತೀಯಾ?" ಅಂದಳು. ಬೀದಿಯವರೆಲ್ಲ ಹೊರಗೆ ಬಂದರು. ಗೀತಮ್ಮ ಬೈದು ಬೈದು ಸಾಕಾಗಿ ಜಗಲಿಯ ಮೇಲೆ ಕೂತಾಗ ಹುಚ್ಚಕ್ಕ ಒಳಗಿಂದ ನೀರು ತಂದುಕೊಟ್ಟಳು. "ನಿನ್ನ ಗಂಡ ಬದುಕವ್ನೆ, ಅದಕ್ಕೇ ಬೈಯೋಕೆ ಬಂದೆ. ನಾನು ಯಾರನ್ನ ಬೈಯಲಿ?" ಎಂದಳು. ಗೀತಮ್ಮ ನೀರು ಕುಡಿದಳು. ಅವರಿಬ್ಬರ ನಡುವೆ ಸ್ನೇಹವೇನೂ ಆಗಲಿಲ್ಲ. ಆದರೆ ಗಂಗರಾಜನಿಗೆ ರಾಜಣ್ಣ ಮಂಡಿಯಲ್ಲಿ ಕೆಲಸ ಹುಡುಕಿಕೊಟ್ಟ.

ರಶ್ಮಿತಾ ಮಾತ್ರ ಬಿಡಲಿಲ್ಲ. ಬೈಸಿಕೊಂಡ ಮೇಲೂ ಆ ಡಬ್ಬಿಯ ದೋಷದ ಹಿಂದೆ ಬಿದ್ದಳು. ಪ್ರತಿ ಸಲ ಅಳೆದ ಮೇಲೆ ತಂತಿಯನ್ನು ಸ್ವಲ್ಪ ಬಿಸಿ ಮಾಡಿದರೆ ಕಚ್ಚಿಕೊಂಡ ಗಂಧಕ ಬಿಡುತ್ತದೆ ಎಂದು ಕಂಡುಕೊಂಡಳು. ಬಿಸಿ ಹೆಚ್ಚಾದರೆ ತೂತುಗಳೇ ಮುಚ್ಚಿಹೋಗುತ್ತವೆ, ಹಾಗಾಗದಂತೆ ಮಾಡಲು ಬಹಳ ತಿಂಗಳು ಹಿಡಿಯಿತು. ಅದು ಮುಗಿದಾಗ ಪ್ರೊಫೆಸರಿಗೂ ಖುಷಿಯಾಯಿತು. ಆಗ ಆ ಡಬ್ಬಿಯನ್ನು ಮಿಲ್ಲಿನವರಿಗೆ ತೋರಿಸಲು ಚಳ್ಳಕೆರೆಯಲ್ಲಿ ಒಂದು ಸಭೆ ಏರ್ಪಾಡಾಯಿತು. ಮಿಲ್ಲಿನ ಮಾಲೀಕರು, ಮ್ಯಾನೇಜರುಗಳು, ಒಂದಿಬ್ಬರು ಅಧಿಕಾರಿಗಳು. ವೇದಿಕೆಯ ಮೇಲೆ ಮಾತಾಡಲು ಓಂಕಾರಮೂರ್ತಿಯನ್ನೂ ಕರೆದಿದ್ದರು. ಮೊದಲು ಪರೀಕ್ಷೆ ನಡೆದದ್ದು ಅವನ ಮಿಲ್ಲಿನಲ್ಲಲ್ಲವೇ. ರಶ್ಮಿತಾ ಹುಚ್ಚಕ್ಕನಿಗೆ ಫೋನು ಮಾಡಿ, "ಬರ್ತೀಯಾ?" ಎಂದು ಕೇಳಿದಳು. ಯಾರು ಮಾತಾಡುತ್ತಾರೆ ಎಂದೂ ಹೇಳಿದಳು.

ಹುಚ್ಚಕ್ಕ ಹಿಂದಿನ ಸಾಲಿನಲ್ಲಿ ಕೂತಳು. ಓಂಕಾರಮೂರ್ತಿ ಚೆನ್ನಾಗಿಯೇ ಮಾತಾಡಿದ. ಗುಂಡಿಯಲ್ಲಿ ಅನಿಲ ಕಟ್ಟಿಕೊಳ್ಳುತ್ತದೆ, ವಾಸನೆ ನಂಬಬಾರದು, ಕಾರ್ಮಿಕರ ಪ್ರಾಣ ಮುಖ್ಯ, ನಮ್ಮ ಮಿಲ್ಲಿನಲ್ಲಿ ನಾವು ಮೊದಲಿನಿಂದ ಎಚ್ಚರ ವಹಿಸಿದ್ದೇವೆ. ಚಪ್ಪಾಳೆ ಬಿತ್ತು. ಹುಚ್ಚಕ್ಕ ಎದ್ದು ನಿಂತಳು. ಮಾತಾಡಿದ್ದು ಮುಂದಿನವರಿಗೆ ಕೇಳಿಸಲಿಲ್ಲ. ಅಧಿಕಾರಿ ಮೈಕು ಕೊಡಿಸಿದರು.

"ಗುಂಡೀಲಿ ಗ್ಯಾಸು ಇರ್ತೈತೆ ಅಂತ ಈಗ ಹೇಳಿದ್ರಲ್ಲ. ಪೆದ್ದಣ್ಣ ಇಳಿದ ದಿನ ಇತ್ತಾ, ಇರ್ಲಿಲ್ವಾ?"

ಓಂಕಾರಮೂರ್ತಿ ಪ್ರೊಫೆಸರ ಕಡೆ ನೋಡಿದ. ಅವರು ಮೇಜಿನ ಕಡೆ ನೋಡುತ್ತಿದ್ದರು. "ಅದು ಹಳೇ ವಿಷಯಮ್ಮ, ಇಲ್ಲಿ ಬ್ಯಾಡ" ಅಂದ.

"ಇತ್ತಾ, ಇರ್ಲಿಲ್ವಾ?"

ಯಾರೂ ಅವಳನ್ನು ಕೂರಿಸಲಿಲ್ಲ. ಗಂಗರಾಜು ಬಾಗಿಲ ಹತ್ತಿರ ನಿಂತಿದ್ದ. ಜುಂಜಪ್ಪನೂ ಇದ್ದ. ಅಧಿಕಾರಿ ತಾವೇ, "ಹೇಳ್ರಿ, ಏನು ವಿಷಯ ಅದು?" ಎಂದು ಕೇಳಿದರು. ಆಗ ಓಂಕಾರಮೂರ್ತಿ ಹೇಳಿದ. "ಇತ್ತು. ಇದ್ದಿರಬೇಕು."

"ಅವನು ಕುಡಿದಿದ್ನಾ?"

ಅವನು ಬಾಗಿಲ ಹತ್ತಿರದ ಗಂಗರಾಜನನ್ನು ನೋಡಿದ. "ಇಲ್ಲ."

ಅಷ್ಟೇ ಆದದ್ದು. ಯಾರನ್ನೂ ಯಾರೂ ಹಿಡಿದುಕೊಂಡು ಹೋಗಲಿಲ್ಲ. ಅಧಿಕಾರಿ ವಿಚಾರಣೆ ಮಾಡಿಸುತ್ತೇನೆ ಅಂದರು. ಇದನ್ನು ಬರೆಯುವ ಹೊತ್ತಿಗೂ ವಿಚಾರಣೆ ನಡೆಯುತ್ತಲೇ ಇದೆ. ಊಟಕ್ಕೆ ಕೂತಾಗ ರಶ್ಮಿತಾ ಬಂದು ಹುಚ್ಚಕ್ಕನ ಕೈ ಹಿಡಿದಳು. ಹುಚ್ಚಕ್ಕ ಊಟ ಮಾಡಲಿಲ್ಲ. ಸೀದಾ ಬಸ್ ಸ್ಟ್ಯಾಂಡಿಗೆ ಹೋಗಿ ಮೊಳಕಾಲ್ಮೂರಿನ ಬಸ್ಸು ಹತ್ತಿದಳು, ಅಲ್ಲಿಂದ ದೇವಸಮುದ್ರಕ್ಕೆ.

ಯರ್ರಮ್ಮ ಹಟ್ಟಿಯ ಮುಂದೆ ಕುರಿಮರಿಗೆ ಸೊಪ್ಪು ಹಾಕುತ್ತಿದ್ದಳು. ಮಗಳು ಹೇಳಿದ್ದನ್ನೆಲ್ಲ ನಿಂತೇ ಕೇಳಿದಳು. ಗಂಧಕ, ತಂತಿ, ಲಾರಿ ಯಾವುದನ್ನೂ ಅವಳು ಮತ್ತೆ ಕೇಳಲಿಲ್ಲ.

"ಕುಡಿದಿರ್ಲಿಲ್ಲ ಅಂತ ಒಪ್ಕೊಂಡನಾ?"

"ಹೂಂ. ಎಲ್ಲರ ಮುಂದೆ."

"ನಂಗ್ಯಾಕೆ ಹೇಳ್ತೀಯೇ, ನಂಗೆ ತೆಲುಸು, ಮೊದ್ಲಿಂದ್ಲೂ ಗೊತ್ತು" ಅಂದಳು ಯರ್ರಮ್ಮ. ಕೈಯ ಸೊಪ್ಪನ್ನು ನೆಲಕ್ಕೆ ಎಸೆದಳು. "ಅರಳಿಕಟ್ಟೆ ಹತ್ರ ಕೂತವ್ರೆ ನೋಡು, ಇಷ್ಟು ದಿನ ನನ್ನ ಕಂಡಾಗೆಲ್ಲ ಕುಡುಕನ ಅವ್ವ ಅಂದೋರು. ಅವ್ರಿಗೆ ಹೇಳು ನಡಿ."

ತಾಯಿ ಮುಂದೆ, ಮಗಳು ಹಿಂದೆ ಹೊರಟರು. ಕಟ್ಟೆಯ ಮೇಲೆ ಐದಾರು ಜನ ಗಂಡಸರಿದ್ದರು. ಯರ್ರಮ್ಮ ಅವರ ಎದುರಿಗೆ ಹೋಗಿ ನಿಂತು, "ಎದ್ದೇಳ್ರಿ. ನನ್ನ ಮಗಳು ಒಂದು ಮಾತು ಹೇಳ್ತಾಳಂತೆ, ನಿಂತು ಕೇಳ್ರಿ" ಅಂದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಒಬ್ಬೊಬ್ಬರಾಗಿ ಎದ್ದು ನಿಂತರು.